ಅಧ್ಯಯನ ಪಾಠ: ಮನೆಯಲ್ಲಿರುವ ಕ್ಯಾನ್ಸರ್ ರೋಗಿಯ ಆರೈಕೆದಾರರಿಗೆ ತಿಳಿವಳಿಕೆ – ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ಓದು ಮತ್ತು ಚರ್ಚೆಗಾಗಿ)

ಪಾಠದ ಉದ್ದೇಶ

ಈ ಪಾಠವನ್ನು ಓದಿದ ಬಳಿಕ ಸದಸ್ಯರು ಮೂರು ವಿಷಯಗಳನ್ನು ತಿಳಿದಿರಬೇಕೆಂಬುದು ಆಶಯ. ಒಂದು, ಕ್ಯಾನ್ಸರ್ ರೋಗಿಯ ಆರೈಕೆಯಲ್ಲಿ ಮನೆಯವರ ಪಾಲು ಎಷ್ಟು ಮತ್ತು ಅವರಿಗೆ ಯಾವ ಯಾವ ತಿಳಿವಳಿಕೆ ಬೇಕು ಎಂಬುದು. ಎರಡು, ಆ ತಿಳಿವಳಿಕೆಯನ್ನು ನೀಡಬಲ್ಲವರು ಪಂಚಾಯತಿ ವ್ಯಾಪ್ತಿಯಲ್ಲಿಯೇ ಯಾರಿದ್ದಾರೆ ಎಂಬುದು. ಮೂರು, ಈ ಕೆಲಸಕ್ಕಾಗಿ ಪಂಚಾಯತಿಯು ಕಾನೂನಿನ ಚೌಕಟ್ಟಿನೊಳಗೆ ಏನು ಮಾಡಬಹುದು, ಏನು ಮಾಡಬಾರದು ಎಂಬುದು.

1. ಹಿನ್ನೆಲೆ

ಭಾರತದಲ್ಲಿ ಪ್ರತಿ ಒಂಬತ್ತು ಜನರಲ್ಲಿ ಒಬ್ಬರಿಗೆ ಜೀವಿತಾವಧಿಯಲ್ಲಿ ಕ್ಯಾನ್ಸರ್ ತಗಲುವ ಸಂಭವವಿದೆಯೆಂದು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಂದಾಜು ಹೇಳುತ್ತದೆ. 2022ನೇ ವರ್ಷಕ್ಕೆ ದೇಶದಲ್ಲಿ ಹೊಸ ರೋಗಿಗಳ ಸಂಖ್ಯೆಯನ್ನು ಸುಮಾರು 14.6 ಲಕ್ಷವೆಂದು ಅದು ಅಂದಾಜಿಸಿತು. ಈ ಲೆಕ್ಕದಲ್ಲಿ ಹಳ್ಳಿಗಳೂ ಸೇರಿವೆ. ತಂಬಾಕು, ಗುಟ್ಕಾ, ಸುಣ್ಣ ಬೆರೆಸಿದ ಅಡಿಕೆಯ ಚಟ ಹೆಚ್ಚಾಗಿರುವ ಕಡೆ ಬಾಯಿಯ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಮಹಿಳೆಯರಲ್ಲಿ ಸ್ತನದ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಪ್ರಮುಖವಾಗಿವೆ.

ದೇವರ ಹಿಪ್ಪರಗಿ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ರೋಗಿಯು ಚಿಕಿತ್ಸೆಗಾಗಿ ವಿಜಯಪುರ ನಗರಕ್ಕೆ ಹೋಗುತ್ತಾನೆ. ಅಲ್ಲಿಂದ ಮುಂದೆ ಕಲಬುರಗಿಯಲ್ಲಿರುವ ಕಿದ್ವಾಯಿ ಸಂಸ್ಥೆಯ ಶಾಖಾ ಕೇಂದ್ರ, ಹುಬ್ಬಳ್ಳಿಯ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ, ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ, ಗಡಿಯಾಚೆಗೆ ಸೊಲ್ಲಾಪುರ, ಮಿರಜ, ಬಾರ್ಶಿ, ಹೀಗೆ ಹಲವು ದಾರಿಗಳಿವೆ. ಶಸ್ತ್ರಚಿಕಿತ್ಸೆ, ಕಿಮೋಥೆರಪಿ, ಜನರು ‘ಕರೆಂಟ್ ಕೊಡುವುದು’ ಎಂದು ಕರೆಯುವ ವಿಕಿರಣ ಚಿಕಿತ್ಸೆ, ಈ ಮೂರೂ ಆ ಆಸ್ಪತ್ರೆಗಳಲ್ಲಿ ನಡೆಯುತ್ತವೆ.

ಆದರೆ ದಿನಗಳ ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಕಾಣುತ್ತದೆ. ಮೂರು ವಾರಕ್ಕೊಮ್ಮೆ ಕಿಮೋಥೆರಪಿ ಪಡೆಯುವ ರೋಗಿಯು ಆ 21 ದಿನಗಳಲ್ಲಿ ಆಸ್ಪತ್ರೆಯಲ್ಲಿರುವುದು ಸಾಮಾನ್ಯವಾಗಿ ಒಂದೆರಡು ದಿನ ಮಾತ್ರ. ಉಳಿದ 19–20 ದಿನ ಅವನು ಮನೆಯಲ್ಲಿರುತ್ತಾನೆ. ಇತ್ತೀಚೆಗೆ ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋಥೆರಪಿ ಕೇಂದ್ರಗಳು ಆರಂಭವಾಗಿವೆ. ರೋಗಿಯ ಓಡಾಟ ತಗ್ಗಿಸುವ ಈ ಕ್ರಮ ಸ್ವಾಗತಾರ್ಹವೇ ಸರಿ. ಆದರೆ ಬೆಳಿಗ್ಗೆ ಔಷಧಿ ಏರಿಸಿಕೊಂಡ ರೋಗಿಯು ಸಂಜೆಗೆ ಊರಿಗೆ ಮರಳುವುದರಿಂದ ಔಷಧಿಯ ಅಡ್ಡಪರಿಣಾಮಗಳನ್ನು ಮೊದಲು ಕಾಣುವವರು ಮನೆಯವರೇ ಆಗಿರುತ್ತಾರೆ. ಚಿಕಿತ್ಸೆಯಿಂದ ಇನ್ನು ಗುಣವಾಗದೆಂದು ವೈದ್ಯರು ಹೇಳಿ ಕಳುಹಿಸಿದ ರೋಗಿಯಂತೂ ತನ್ನ ಉಳಿದ ದಿನಗಳೆಲ್ಲವನ್ನೂ ಮನೆಯಲ್ಲಿಯೇ ಕಳೆಯುತ್ತಾನೆ.

ಹೀಗೆ ಚಿಕಿತ್ಸೆಯ ದೊಡ್ಡ ಭಾಗವನ್ನು ನಡೆಸುವ ವ್ಯಕ್ತಿಗೆ ಅದರ ಬಗ್ಗೆ ಯಾರೂ ಪಾಠ ಹೇಳಿರುವುದಿಲ್ಲ. ಈ ಕೊರತೆಯನ್ನು ಪಂಚಾಯತಿಯು ಹೇಗೆ ತುಂಬಬಹುದು ಎಂಬುದೇ ಈ ಪಾಠದ ವಿಷಯ.

2. ಆರೈಕೆದಾರರು ಯಾರು?

ಹಳ್ಳಿಯ ಮನೆಯಲ್ಲಿ ಆರೈಕೆಯ ಹೊರೆ ಬಹುಪಾಲು ಹೆಂಡತಿ, ತಾಯಿ, ಸೊಸೆ ಅಥವಾ ಮಗಳ ಮೇಲೆ ಬೀಳುತ್ತದೆ. ದುಡಿಯುವ ಗಂಡಸರು ಗೋವಾ, ಪುಣೆ, ಮುಂಬಯಿಗೆ ದುಡಿಮೆಗೆ ಹೋಗಿರುವ ಅಥವಾ ಕಬ್ಬು ಕಡಿಯಲು ಗುಳೆ ಹೋಗಿರುವ ಮನೆಗಳಲ್ಲಿ ವಯಸ್ಸಾದ ತಾಯಿ ಅಥವಾ ಶಾಲೆಗೆ ಹೋಗುವ ಹುಡುಗಿಯೇ ಆರೈಕೆದಾರಳಾಗುತ್ತಾಳೆ. ಅವಳು ಅಡುಗೆ ಮಾಡಬೇಕು, ರೋಗಿಯ ಮೈ ಒರೆಸಬೇಕು, ಮಲಮೂತ್ರ ತೆಗೆಯಬೇಕು, ಗಾಯ ತೊಳೆಯಬೇಕು, ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡಬೇಕು, ರಾತ್ರಿ ಎಚ್ಚರವಿರಬೇಕು. ಕೂಲಿಗೆ ಹೋಗುತ್ತಿದ್ದವಳಾದರೆ ಆ ಆದಾಯ ನಿಲ್ಲುತ್ತದೆ. ಹುಡುಗಿಯಾದರೆ ಶಾಲೆ ತಪ್ಪುತ್ತದೆ.

ದೇವರ ಹಿಪ್ಪರಗಿಯು ಮಡಿವಾಳ ಮಾಚಿದೇವರ ಜನ್ಮಸ್ಥಳ. ಅನ್ಯರ ಮೈಲಿಗೆ ಬಟ್ಟೆಯನ್ನು ಮಡಿ ಮಾಡುವ ಕೆಲಸವನ್ನು ಕಾಯಕದ ಎತ್ತರಕ್ಕೇರಿಸಿದ ಶರಣರ ನೆಲದಲ್ಲಿ, ರೋಗಿಯ ಹಾಸಿಗೆ ಬಟ್ಟೆ ತೊಳೆಯುವ ಹೆಣ್ಣುಮಗಳ ಶ್ರಮವು ಮನೆಯೊಳಗಿನ ಸಂಗತಿಯೆಂದು ಕಡೆಗಣಿಸಲ್ಪಡುವುದು ಯೋಗ್ಯವಲ್ಲ. ಆ ಶ್ರಮಕ್ಕೆ ತಿಳಿವಳಿಕೆಯ ಬೆಂಬಲ ದೊರೆತರೆ ರೋಗಿಯ ನೋವು ತಗ್ಗುತ್ತದೆ. ತಪ್ಪಿಸಬಹುದಾದ ಸಾವುಗಳು ಸಹ ತಪ್ಪುತ್ತವೆ.

3. ಅಧ್ಯಯನಕ್ಕೊಂದು ಮನೆ

(ಇದು ಚರ್ಚೆಗಾಗಿ ರಚಿಸಿದ ಕಲ್ಪಿತ ಉದಾಹರಣೆ; ಯಾವುದೇ ನಿಜವಾದ ಕುಟುಂಬಕ್ಕೆ ಸಂಬಂಧಿಸಿದ್ದಲ್ಲ.)

ರೈತನೊಬ್ಬನಿಗೆ ವಯಸ್ಸು 52. ದವಡೆಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ, ಮೂಗಿನ ಮೂಲಕ ಊಟದ ನಳಿಕೆ ಹಾಕಿಸಿಕೊಂಡು ಊರಿಗೆ ಬಂದಿದ್ದಾನೆ. ಕಿಮೋಥೆರಪಿ ಆರಂಭವಾಗಿದೆ. ಮಗ ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದಾನೆ. ಮನೆಯಲ್ಲಿ ಹೆಂಡತಿ ಮತ್ತು ಒಂಬತ್ತನೇ ತರಗತಿಯ ಮಗಳು. ಬಿಡುಗಡೆಯ ಚೀಟಿ ಇಂಗ್ಲಿಷಿನಲ್ಲಿದೆ. ಕಿಮೋಥೆರಪಿಯಾದ ಹತ್ತನೆಯ ದಿನ ರಾತ್ರಿ ರೋಗಿಗೆ ಜ್ವರ ಬರುತ್ತದೆ. ಹೆಂಡತಿಯು ಮನೆಯಲ್ಲಿದ್ದ ಜ್ವರದ ಗುಳಿಗೆಯನ್ನು ಅರೆದು ನಳಿಕೆಯಲ್ಲಿ ಹಾಕಿ, ಕೌದಿ ಹೊದಿಸಿ, ಬೆಳಗಾಗಲೆಂದು ಕಾಯುತ್ತಾಳೆ.

ಅವಳು ಮಾಡಿದ್ದು ಪ್ರೀತಿಯಿಂದ ಮತ್ತು ವಾಡಿಕೆಯಂತೆ. ಬೇರೆ ಯಾವ ಜ್ವರಕ್ಕಾದರೂ ಅದು ಸರಿಯಾದೀತು. ಆದರೆ ಕಿಮೋಥೆರಪಿಯಾದ ಸುಮಾರು 7ರಿಂದ 14ನೆಯ ದಿನದವರೆಗೆ ರಕ್ತದಲ್ಲಿನ ಬಿಳಿಕಣಗಳು ಕುಸಿದಿರುತ್ತವೆ. ಸೋಂಕನ್ನು ತಡೆಯುವ ಶಕ್ತಿ ಆಗ ದೇಹಕ್ಕಿರುವುದಿಲ್ಲ. ಆ ಅವಧಿಯ ಜ್ವರ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯಕ್ಕೆ ತಿರುಗಬಲ್ಲದು. ಅದೇ ರಾತ್ರಿ ಆಸ್ಪತ್ರೆಗೆ ಸೇರಿಸಿ ಸೋಂಕು ನಿವಾರಕ ಇಂಜೆಕ್ಷನ್ ಕೊಡಿಸಿದರೆ ಬಹಳಷ್ಟು ರೋಗಿಗಳು ಚೇತರಿಸಿಕೊಳ್ಳುತ್ತಾರೆ. ಇಲ್ಲಿ ಕಾಯಿಲೆಗಿಂತ ಮೊದಲು ಆ ಮನೆಯನ್ನು ಸೋಲಿಸಿದ್ದು ಒಂದೇ ಒಂದು ವಾಕ್ಯದ ತಿಳಿವಳಿಕೆಯ ಕೊರತೆ. ಆ ವಾಕ್ಯವನ್ನು ಅವಳ ಕಿವಿಗೆ ಮುಂಚಿತವಾಗಿ ಮುಟ್ಟಿಸುವವರು ಯಾರು ಎಂಬುದನ್ನು ಸದಸ್ಯರು ಯೋಚಿಸಬೇಕು.

4. ಆರೈಕೆದಾರರು ಕಲಿಯಬೇಕಾದ ವಿಷಯಗಳು

ಈ ಕೆಳಗಿನವುಗಳನ್ನು ಕಲಿಸಬೇಕಾದವರು ಆರೋಗ್ಯ ಸಿಬ್ಬಂದಿ. ಸದಸ್ಯರು ಇವುಗಳನ್ನು ತಿಳಿದಿರಬೇಕಾದ್ದು ತರಬೇತಿಯಲ್ಲಿ ಏನೇನು ಇರಬೇಕೆಂದು ಕೇಳುವ ಸಲುವಾಗಿ.

(ಅ) ಜ್ವರ. ಪ್ರತಿ ರೋಗಿಯ ಮನೆಯಲ್ಲಿ ಥರ್ಮಾಮೀಟರ್ ಇರಬೇಕು; ಅದನ್ನು ಓದಲು ಮನೆಯ ಇಬ್ಬರಿಗಾದರೂ ಬರಬೇಕು. ಕಿಮೋಥೆರಪಿ ಪಡೆಯುತ್ತಿರುವ ರೋಗಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ, ಹಗಲಿರಲಿ ರಾತ್ರಿಯಿರಲಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮೈ ನಡುಕ ಬಂದರೆ ಜ್ವರ ಏರುವವರೆಗೂ ಕಾಯಬಾರದು.

(ಆ) ನೋವು. ಕ್ಯಾನ್ಸರ್ ಎಂದ ಮೇಲೆ ನೋವು ಸಹಿಸಲೇಬೇಕೆಂಬ ನಂಬಿಕೆ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿಯೇ ನೋವು ನಿವಾರಣೆಯ ಮೆಟ್ಟಿಲು ಕ್ರಮವನ್ನು ಪ್ರಕಟಿಸಿತು. ಸಣ್ಣ ನೋವಿಗೆ ಸಾಮಾನ್ಯ ಗುಳಿಗೆ, ತೀವ್ರ ನೋವಿಗೆ ಮಾರ್ಫಿನ್. ಸಾಧ್ಯವಾದಷ್ಟೂ ಬಾಯಿಯ ಮೂಲಕ, ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಕೊಡುವುದು ಅದರ ತಿರುಳು. ನೋವು ಬಂದ ಮೇಲೆ ಗುಳಿಗೆ ಕೊಡುವುದಕ್ಕಿಂತ, ಬರುವ ಮೊದಲೇ ನಿಗದಿತ ಹೊತ್ತಿಗೆ ಕೊಡುವುದು ಮುಖ್ಯ. ವೈದ್ಯರ ಉಸ್ತುವಾರಿಯಲ್ಲಿ ನೋವಿಗಾಗಿ ಮಾರ್ಫಿನ್ ಪಡೆಯುವ ರೋಗಿಯು ಚಟಕ್ಕೆ ಬೀಳುತ್ತಾನೆಂಬ ಭಯ ಬೇಡ. ಅದರಿಂದ ಮಲಬದ್ಧತೆ ಖಚಿತವಾಗಿ ಬರುತ್ತದೆ. ಆದ್ದರಿಂದ ಮಲ ಸಡಿಲಿಸುವ ಔಷಧಿಯನ್ನು ಜೊತೆಗೇ ಕೇಳಿ ಪಡೆಯಬೇಕು. ಮಾರ್ಫಿನ್ ಗುಳಿಗೆಗಳನ್ನು ಬೀಗದೊಳಗಿಟ್ಟು, ಉಳಿದವನ್ನು ಕೊಟ್ಟ ಆಸ್ಪತ್ರೆಗೇ ಮರಳಿಸಬೇಕು.

ನೋವಿನ ಪ್ರಮಾಣವನ್ನು ಆಸ್ಪತ್ರೆಯಲ್ಲಿ ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ಕೇಳುತ್ತಾರೆ. ಓದು ಬಾರದ ಹಿರಿಯರಿಗೆ ಆ ಅಂಕಿ ಹಿಡಿಯದಿದ್ದರೆ ಹಳೆಯ ಆಣೆ ಲೆಕ್ಕ ಉಪಯೋಗಕ್ಕೆ ಬರುತ್ತದೆ. “ಯವ್ವಾ, ರೂಪಾಯಿದಾಗ ಎಷ್ಟ ಆಣೆ ನೋವೈತಿ?” ಎಂದು ಕೇಳಿದರೆ ಉತ್ತರ ಸಲೀಸಾಗಿ ಬರುತ್ತದೆ. ಬೆಳಿಗ್ಗೆ, ಸಂಜೆ ಆ ಆಣೆಯನ್ನು ಮಗಳ ಹಳೆಯ ನೋಟುಬುಕ್ಕಿನಲ್ಲಿ ಬರೆದಿಟ್ಟರೆ ವೈದ್ಯರಿಗೆ ಔಷಧಿಯ ಪ್ರಮಾಣ ನಿರ್ಧರಿಸಲು ಅದೇ ದಾಖಲೆಯಾಗುತ್ತದೆ.

(ಇ) ಬಾಯಿಯ ಆರೈಕೆ. ಕಿಮೋಥೆರಪಿ ಅಥವಾ ತಲೆ-ಕುತ್ತಿಗೆಯ ವಿಕಿರಣ ಚಿಕಿತ್ಸೆಯಿಂದ ಬಾಯಿ ಹುಣ್ಣಾಗುತ್ತದೆ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಹಾ ಚಮಚ ಅಡುಗೆ ಸೋಡಾ ಬೆರೆಸಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಬೇಕು. ಖಾರ, ಗಟ್ಟಿ ರೊಟ್ಟಿ, ಬಿಸಿಬಿಸಿ ಪದಾರ್ಥ ಬಿಟ್ಟು ಮೆತ್ತನೆಯ ಅನ್ನ, ನುಚ್ಚು, ಗಂಜಿ, ಬೇಳೆಯ ಕಟ್ಟು, ಹಾಲಿನಲ್ಲಿ ನೆನೆಸಿದ ರೊಟ್ಟಿ ಕೊಡಬಹುದು. ಮೂರು ಹೊತ್ತಿನ ತುಂಬು ಊಟಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಆರೇಳು ಸಲ ತಿನ್ನಿಸುವುದು ಮೇಲು.

(ಈ) ಊಟದ ನಳಿಕೆ. ಆಹಾರ ಹಾಕುವಾಗ ರೋಗಿಯು ಕುಳಿತಿರಬೇಕು ಅಥವಾ ತಲೆ-ಬೆನ್ನು ಎತ್ತರದಲ್ಲಿರಬೇಕು. ಹಾಕಿದ ಬಳಿಕ ಅರ್ಧ ಗಂಟೆಯಾದರೂ ಮಲಗಿಸಬಾರದು. ಆಹಾರವನ್ನು ತೆಳುಬಟ್ಟೆಯಲ್ಲಿ ಸೋಸಿರಬೇಕು. ಆಹಾರದ ಮೊದಲೂ ನಂತರವೂ ಶುದ್ಧ ನೀರು ಹಾಯಿಸಿ ನಳಿಕೆ ತೊಳೆಯಬೇಕು. ಕೆಮ್ಮು, ಉಬ್ಬಸ ಕಂಡರೆ ತಕ್ಷಣ ನಿಲ್ಲಿಸಬೇಕು. ನಳಿಕೆ ಕಳಚಿ ಬಂದರೆ ಮನೆಯಲ್ಲಿ ಮರಳಿ ತೂರಿಸಬಾರದು.

(ಉ) ಹಾಸಿಗೆ ಹುಣ್ಣು. ಏಳಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಿಮ್ಮಡಿ, ಸೊಂಟ, ಬೆನ್ನಿನ ಕೆಳಭಾಗ, ಭುಜಗಳನ್ನು ದಿನಾಲು ನೋಡಬೇಕು. ಕೆಂಪಾದ ಜಾಗವನ್ನು ತಿಕ್ಕಬಾರದು. ಹಾಸಿದ ಚಾದರದಲ್ಲಿ ಸುಕ್ಕು, ಕೌದಿಯಲ್ಲಿ ದಪ್ಪ ಹೊಲಿಗೆಯ ಗಂಟು, ಹೊರಸಿನ ಹಗ್ಗದ ಒತ್ತು, ಇವು ಸಣ್ಣ ಸಂಗತಿಗಳಂತೆ ಕಂಡರೂ ಹುಣ್ಣಿಗೆ ದಾರಿ ಮಾಡುತ್ತವೆ. ಬೇಸಿಗೆಯ ಬೆವರಿನಲ್ಲಿ ಮೈ ಒದ್ದೆಯಾಗಿ ಉಳಿಯದಂತೆ ಒರೆಸಬೇಕು.

(ಊ) ಗಾಯ ಮತ್ತು ದುರ್ವಾಸನೆ. ಬಾಯಿ ಹಾಗೂ ಸ್ತನದ ಕ್ಯಾನ್ಸರ್ ಗಾಯಗಳು ಕೊಳೆತು ವಾಸನೆ ಬರುವುದುಂಟು. ವಾಸನೆಯ ಕಾರಣಕ್ಕೆ ರೋಗಿಯನ್ನು ದನದ ಕೊಟ್ಟಿಗೆಗೆ, ಪಡಸಾಲೆಯ ಮೂಲೆಗೆ ಸರಿಸುವ ಸಂದರ್ಭ ಬರಬಾರದು. ಇದಕ್ಕೆ ಔಷಧಿಯಿದೆ: ಮೆಟ್ರೊನಿಡಜೋಲ್ ಗುಳಿಗೆಯ ಪುಡಿಯನ್ನು ವೈದ್ಯರ ಸೂಚನೆಯಂತೆ ಗಾಯಕ್ಕೆ ಹಾಕಿದರೆ ವಾಸನೆ ತಗ್ಗುತ್ತದೆ, ಬೆಲೆಯೂ ಅಲ್ಪ. ನೊಣ ಕೂರದಂತೆ ಗಾಯವನ್ನು ಸದಾ ಶುಚಿಯಾದ ಬಟ್ಟೆಯಿಂದ ಮುಚ್ಚಿಡಬೇಕು. ರಕ್ತ ಸುರಿಯುವ ಸಂಭವವಿರುವ ರೋಗಿಯ ಬಳಿ ಗಾಢ ಬಣ್ಣದ ದಪ್ಪ ಬಟ್ಟೆಗಳಿರಬೇಕು. ಅದರಿಂದ ಗಾಯವನ್ನು ಒತ್ತಿ ಹಿಡಿಯಬಹುದು. ರಕ್ತ ಎದ್ದು ಕಾಣದ ಕಾರಣ ರೋಗಿಯೂ ಮಕ್ಕಳೂ ಗಾಬರಿಯಾಗುವುದಿಲ್ಲ.

(ಋ) ಸೋಂಕಿನ ಭಯ. ಕ್ಯಾನ್ಸರ್ ಮುಟ್ಟಿದರೆ, ಒಂದೇ ತಾಟಿನಲ್ಲಿ ಉಂಡರೆ, ಜೊತೆಯಲ್ಲಿ ಮಲಗಿದರೆ ಹರಡುವುದಿಲ್ಲ. ಹೊರಗಿನಿಂದ ವಿಕಿರಣ ಚಿಕಿತ್ಸೆ ಪಡೆದವರ ಮೈಯಿಂದ ಮಕ್ಕಳಿಗೆ ಅಪಾಯವಿಲ್ಲ. ಕಿಮೋಥೆರಪಿಯಾದ ಮೊದಲ ಎರಡು ದಿನ ಮಾತ್ರ ರೋಗಿಯ ವಾಂತಿ, ಮಲ, ಮೂತ್ರದಲ್ಲಿ ಔಷಧಿಯ ಅಂಶವಿರುವುದರಿಂದ ಕೈಗವಸು ಧರಿಸಿ, ಆ ಬಟ್ಟೆಗಳನ್ನು ಬೇರೆಯಾಗಿ ತೊಳೆಯಬೇಕು. ಗರ್ಭಿಣಿಯರು ಆ ಕೆಲಸ ಮಾಡಬಾರದು.

(ೠ) ತಕ್ಷಣ ಆಸ್ಪತ್ರೆಗೆ ಒಯ್ಯಬೇಕಾದ ಲಕ್ಷಣಗಳು. ಜ್ವರದ ಜೊತೆಗೆ: ನಿಲ್ಲದ ರಕ್ತಸ್ರಾವ, ಹಠಾತ್ ಉಸಿರಾಟದ ತೊಂದರೆ, ಫಿಟ್ಸ್, ಒಂದು ದಿನ ನೀರೂ ನಿಲ್ಲದಷ್ಟು ವಾಂತಿ, ಬೆನ್ನುನೋವಿನ ಜೊತೆಗೆ ಕಾಲುಗಳು ಸೋಲುವುದು ಅಥವಾ ಮೂತ್ರದ ಹತೋಟಿ ತಪ್ಪುವುದು. ಈ ಪಟ್ಟಿಯನ್ನು 108ರ ಸಂಖ್ಯೆಯೊಂದಿಗೆ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಬೇಕು.

(ಎ) ಕಡೆಯ ದಿನಗಳು. ದೇಹವು ಮುಗಿಯುವ ಹಂತಕ್ಕೆ ಬಂದಾಗ ಹಸಿವು ತಾನಾಗಿಯೇ ಹೋಗುತ್ತದೆ. ಆಗ ಒತ್ತಾಯದಿಂದ ಉಣಿಸುವುದು ರೋಗಿಗೆ ಹಿಂಸೆಯಾಗುತ್ತದೆ. ಉಣಿಸದ ಕಾರಣಕ್ಕೆ ಸತ್ತರೆಂದು ಮನೆಯವರು ತಮ್ಮನ್ನು ತಾವೇ ದೂರಿಕೊಳ್ಳಬೇಕಾಗಿಲ್ಲ. ತುಟಿ ಒದ್ದೆ ಮಾಡುವುದು, ಕೈ ಹಿಡಿದು ಕೂರುವುದು, ನೋವಿನ ಔಷಧಿಯನ್ನು ನಿಲ್ಲಿಸದಿರುವುದು, ಇವು ಸಾಕು. ರೋಗಿಯಿಂದ ಕಾಯಿಲೆಯ ಹೆಸರನ್ನು ಮುಚ್ಚಿಡುವುದು ವಾಡಿಕೆ. ಆದರೆ ಹೊಲದ ವ್ಯವಹಾರ, ಮಗಳ ಮದುವೆ, ಸಾಲದ ಲೆಕ್ಕ ಹೇಳಿ ಹೋಗಬೇಕೆಂಬ ಹಂಬಲ ರೋಗಿಗೂ ಇರುತ್ತದೆ. ಎಷ್ಟು ತಿಳಿಯಬೇಕೆಂದು ಅವರು ಬಯಸುತ್ತಾರೋ ಅಷ್ಟನ್ನು ಮೆತ್ತಗೆ ಹೇಳುವ ಬಗೆಯನ್ನು ಆರೋಗ್ಯ ಸಿಬ್ಬಂದಿಯ ನೆರವಿನಿಂದ ಕಲಿಯಬಹುದು.

(ಏ) ಆರೈಕೆದಾರರ ಸ್ವಂತ ಆರೋಗ್ಯ. ವಾರಕ್ಕೊಮ್ಮೆಯಾದರೂ ಬೇರೊಬ್ಬರು ರಾತ್ರಿ ಕುಳಿತು ಅವರಿಗೆ ನಿದ್ದೆ ಮಾಡಲು ಬಿಡಬೇಕು. ಮನಸ್ಸು ಕುಗ್ಗಿದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

5. ಬೇರೆಡೆಯ ಅನುಭವ

ಸ್ಥಳೀಯ ಸಂಸ್ಥೆಗಳು ಈ ಹೊಣೆಯನ್ನು ಹೊತ್ತ ಉದಾಹರಣೆ ನೆರೆಯ ಕೇರಳದಲ್ಲಿದೆ. 1993ರಲ್ಲಿ ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯರ ಸಣ್ಣ ಗುಂಪೊಂದು ನೋವು ಮತ್ತು ಉಪಶಾಮಕ ಆರೈಕೆಯ ಸಂಘವನ್ನು ಕಟ್ಟಿತು. ಆಸ್ಪತ್ರೆಗೆ ಬರಲಾಗದ ರೋಗಿಗಳೇ ಹೆಚ್ಚೆಂಬುದು ಅನುಭವಕ್ಕೆ ಬಂದ ಮೇಲೆ, 2001ರ ಸುಮಾರಿಗೆ ಮಲಪ್ಪುರಂ ಮತ್ತಿತರ ಕಡೆಗಳಲ್ಲಿ ಊರಿನವರೇ ತರಬೇತಿ ಪಡೆದು ಮನೆಗಳಿಗೆ ಹೋಗುವ ನೆರೆಹೊರೆ ಜಾಲ ರೂಪುಗೊಂಡಿತು. 2008ರಲ್ಲಿ ಆ ರಾಜ್ಯವು ಉಪಶಾಮಕ ಆರೈಕೆಗೆ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಬಳಿಕ ಗ್ರಾಮ ಪಂಚಾಯತಿಗಳು ತಮ್ಮ ವಾರ್ಷಿಕ ಯೋಜನೆಯಲ್ಲಿಯೇ ಹಣವಿಟ್ಟು, ತರಬೇತಾದ ನರ್ಸೊಬ್ಬರು ವಾಹನದಲ್ಲಿ ಮನೆಮನೆಗೆ ಹೋಗುವ ವ್ಯವಸ್ಥೆ ಮಾಡಿದವು. ಕಾಸರಗೋಡು ಜಿಲ್ಲೆಯ ಕನ್ನಡದ ಮನೆಗಳೂ ಈ ವ್ಯವಸ್ಥೆಯ ವ್ಯಾಪ್ತಿಯಲ್ಲಿವೆ. ನರ್ಸ್ ಮನೆಗೆ ಬಂದಾಗ ಗಾಯಕ್ಕೆ ಪಟ್ಟಿ ಕಟ್ಟುವುದರ ಜೊತೆಗೆ, ಮುಂದಿನ ಭೇಟಿಯವರೆಗೆ ಅದನ್ನು ಹೇಗೆ ಕಟ್ಟಬೇಕೆಂದು ಮನೆಯವರಿಗೆ ತೋರಿಸಿಕೊಡುವುದೇ ಅಲ್ಲಿಯ ಪದ್ಧತಿಯ ಜೀವಾಳ.

ಕರ್ನಾಟಕದಲ್ಲಿ, 1994ರಲ್ಲಿ ಸ್ಥಾಪಿತವಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ನಡೆಸುವ ‘ಕರುಣಾಶ್ರಯ’ವು ಕಡೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಆರೈಕೆ ನೀಡುತ್ತಿದೆ, ಮನೆಗೆ ಹೋಗಿ ನೋಡುವ ತಂಡವೂ ಅದಕ್ಕಿದೆ. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಹೃದಯ ಶಸ್ತ್ರಚಿಕಿತ್ಸೆಯಾದ ರೋಗಿಗಳ ಬಂಧುಗಳಿಗೆ ಬಿಡುಗಡೆಗೆ ಮುನ್ನ ಆರೈಕೆಯ ಪಾಠ ಹೇಳುವ ಪ್ರಯೋಗವನ್ನು ‘ನೂರಾ ಹೆಲ್ತ್’ ಸಂಸ್ಥೆ ಆರಂಭಿಸಿ, ಮುಂದೆ ಸರ್ಕಾರಿ ಆಸ್ಪತ್ರೆಗಳಿಗೂ ವಿಸ್ತರಿಸಿತು. ಹೊರಗೆ ಕಾಯುತ್ತ ಕುಳಿತ ಬಂಧುವನ್ನು ಚಿಕಿತ್ಸೆಯ ಪಾಲುದಾರನನ್ನಾಗಿ ನೋಡಿದ್ದು ಅದರ ವಿಶೇಷ.

ಮಾರ್ಫಿನ್ ದೊರೆಯುವುದಕ್ಕೆ ಇದ್ದ ಕಾನೂನಿನ ತೊಡಕುಗಳನ್ನು ಸಡಿಲಿಸಲು ಮಾದಕ ದ್ರವ್ಯಗಳ ಕುರಿತ 1985ರ ಅಧಿನಿಯಮಕ್ಕೆ 2014ರಲ್ಲಿ ತಿದ್ದುಪಡಿಯಾಗಿದೆ. ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ದಾಸ್ತಾನು ಮಾಡಿ ರೋಗಿಗಳಿಗೆ ಕೊಡಬಹುದು.

6. ಗ್ರಾಮ ಪಂಚಾಯತಿ ಮಾಡಬಹುದಾದ ಕಾರ್ಯಗಳು

ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಆರೋಗ್ಯ ಮತ್ತು ನೈರ್ಮಲ್ಯ, ಸಮಾಜ ಕಲ್ಯಾಣ ಇವೆರಡೂ ಸೇರಿವೆ. ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಸ್ಥಳೀಯಗೊಳಿಸುವ ಒಂಬತ್ತು ವಿಷಯಗಳಲ್ಲಿ ‘ಆರೋಗ್ಯಕರ ಗ್ರಾಮ’ವೂ ಒಂದು. ಕೋವಿಡ್ ಕಾಲದಲ್ಲಿ ಪಂಚಾಯತಿ ಮಟ್ಟದ ಕಾರ್ಯಪಡೆಗಳು ಮನೆಮನೆಯ ಸ್ಥಿತಿಯನ್ನು ವಿಚಾರಿಸಿದ ಅನುಭವ ಸದಸ್ಯರಿಗಿದೆ. ಗ್ರಾಮ ಪಂಚಾಯತ್ ಆರೋಗ್ಯ ಅಮೃತ ಅಭಿಯಾನವು ಆ ಅನುಭವವನ್ನು ಮುಂದುವರಿಸಿತು. ಆದ್ದರಿಂದ ಕೆಳಗಿನ ಕ್ರಮಗಳಿಗೆ ಹೊಸ ವ್ಯವಸ್ಥೆ ಬೇಕಾಗಿಲ್ಲ. ಇರುವವರನ್ನು ಒಂದೆಡೆ ಸೇರಿಸಿದರೆ ಸಾಕು.

ಮೊದಲನೆಯದು, ತರಬೇತಿ. ಆಯುಷ್ಮಾನ್ ಆರೋಗ್ಯ ಮಂದಿರಗಳ 12 ಸೇವೆಗಳಲ್ಲಿ ವೃದ್ಧರ ಹಾಗೂ ಉಪಶಾಮಕ ಆರೈಕೆಯೂ ಸೇರಿದೆ. ಅಲ್ಲಿಯ ಸಮುದಾಯ ಆರೋಗ್ಯ ಅಧಿಕಾರಿ ಮತ್ತು ಆಶಾ ಕಾರ್ಯಕರ್ತೆಯರ ಮೂಲಕ ಮೂರು ತಿಂಗಳಿಗೊಮ್ಮೆ ಅರ್ಧ ದಿನದ ಆರೈಕೆ ಪಾಠವನ್ನು ಏರ್ಪಡಿಸುವಂತೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಪಂಚಾಯತಿಯು ಪತ್ರ ಬರೆಯಬಹುದು. ಸ್ಥಳ ಅರಿವು ಕೇಂದ್ರವಾಗಬಹುದು, ಸ್ವಸಹಾಯ ಸಂಘಗಳ ಒಕ್ಕೂಟದ ಕಟ್ಟಡವಾಗಬಹುದು. ಲಕ್ವಾ ಹೊಡೆದವರ, ಮೂಳೆ ಮುರಿದು ಮಲಗಿದವರ ಮನೆಯವರೂ ಇದೇ ಪಾಠಕ್ಕೆ ಬರಬಹುದು. ಹಾಗೆ ಮಾಡಿದರೆ ಪಾಠಕ್ಕೆ ಬಂದವರೆಲ್ಲ ಕ್ಯಾನ್ಸರ್ ಮನೆಯವರೆಂಬ ಗುರುತೂ ಬೀಳುವುದಿಲ್ಲ. ರೋಗಿಯನ್ನು ಬಿಟ್ಟು ಬರಲಾಗದ ಆರೈಕೆದಾರರಿಗೆ ಮನೆಯಲ್ಲಿಯೇ ತೋರಿಸಿಕೊಡಬೇಕು.

ಎರಡನೆಯದು, ಚೀಟಿಯ ಕನ್ನಡ. ಬಿಡುಗಡೆಯ ಚೀಟಿಯನ್ನು ಸಮುದಾಯ ಆರೋಗ್ಯ ಅಧಿಕಾರಿಯು ಓದಿ, ಯಾವ ಗುಳಿಗೆ ಯಾವ ಹೊತ್ತಿಗೆ, ಮತ್ತೆ ಯಾವತ್ತು ಆಸ್ಪತ್ರೆಗೆ, ಯಾವ ಲಕ್ಷಣ ಕಂಡರೆ ತಕ್ಷಣ ಹೊರಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡುವ ಪದ್ಧತಿಯನ್ನು ಜಾರಿಗೆ ತರಬಹುದು. ತಜ್ಞರ ಸಲಹೆ ಬೇಕಾದಾಗ ಇ-ಸಂಜೀವಿನಿ ದೂರ ಸಮಾಲೋಚನೆಯನ್ನು ಅದೇ ಕೇಂದ್ರದಿಂದ ಮಾಡಿಸಬಹುದು.

ಮೂರನೆಯದು, ಎರವಲು ಸಾಮಗ್ರಿ. ಗಾಳಿ ಹಾಸಿಗೆ, ಗಾಲಿಕುರ್ಚಿ, ಕಮೋಡ್ ಕುರ್ಚಿ, ಬೆಡ್‌ಪ್ಯಾನ್, ಬೆನ್ನಾನಿಕೆ, ಇವುಗಳನ್ನು ಪ್ರತಿ ಮನೆಯೂ ಕೊಳ್ಳಬೇಕಾಗಿಲ್ಲ. ಸ್ವಂತ ಸಂಪನ್ಮೂಲದಿಂದ ಆಯವ್ಯಯದಲ್ಲಿ ಅವಕಾಶ ಕಲ್ಪಿಸಿ ಅಥವಾ ದಾನಿಗಳಿಂದ ಪಡೆದು, ದಾಸ್ತಾನು ವಹಿಯಲ್ಲಿ ನಮೂದಿಸಿ, ರಸೀದಿಯ ಮೇಲೆ ಎರವಲು ಕೊಟ್ಟು, ಮರಳಿದ ಬಳಿಕ ಶುಚಿಗೊಳಿಸಿ ಮತ್ತೊಬ್ಬರಿಗೆ ಕೊಡಬಹುದು.

ನಾಲ್ಕನೆಯದು, ಸೌಲಭ್ಯಗಳ ಮಾಹಿತಿ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ರೈಲು ಪ್ರಯಾಣದಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರಿಯಾಯಿತಿಯಿದೆ. ಶಕ್ತಿ ಯೋಜನೆಯಡಿ ಮಹಿಳೆಯರು ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ರೋಗಿಯ ಮನೆಯಲ್ಲಿ ಪಡಿತರ ಚೀಟಿ, ಆಧಾರ್ ದಾಖಲೆಗಳ ತಪ್ಪುಗಳಿದ್ದರೆ ಅವುಗಳನ್ನು ಆದ್ಯತೆಯ ಮೇಲೆ ಸರಿಪಡಿಸಲು ಪಂಚಾಯತಿಯು ನೆರವಾಗಬೇಕು. ಹೆಸರಿನ ಒಂದು ಅಕ್ಷರದ ವ್ಯತ್ಯಾಸದಿಂದ ಚಿಕಿತ್ಸೆ ವಾರಗಟ್ಟಲೆ ತಡವಾಗಬಾರದು.

ಐದನೆಯದು, ಶಾಲೆ. ಆರೈಕೆಗಾಗಿ ಶಾಲೆ ಬಿಡುವ ಹಂತದಲ್ಲಿರುವ ಮಕ್ಕಳ ವಿಷಯವನ್ನು ವಾರ್ಡಿನ ಸದಸ್ಯರು ಮುಖ್ಯಶಿಕ್ಷಕರೊಂದಿಗೆ ಮಾತನಾಡಿ, ನೆರೆಯವರ ಸರದಿಯ ಮೂಲಕ ಹಗಲಿನ ಕೆಲವು ಗಂಟೆಗಳ ಆರೈಕೆಗೆ ದಾರಿ ಮಾಡಬೇಕು.

7. ಪಾಲಿಸಬೇಕಾದ ಎಚ್ಚರಿಕೆಗಳು

ರೋಗಿಯ ಹೆಸರನ್ನು ಅಥವಾ ಕಾಯಿಲೆಯನ್ನು ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಪ್ರಕಟಿಸತಕ್ಕದ್ದಲ್ಲ. ಸಾಮಗ್ರಿ ಕೊಡುವಾಗ ಭಾವಚಿತ್ರ ತೆಗೆದು ಹಂಚುವುದೂ ಸಲ್ಲದು. ಮನೆಯವರ ಒಪ್ಪಿಗೆಯಿಲ್ಲದೆ ಭೇಟಿ ನೀಡಬಾರದು.

ಸದಸ್ಯರು ಔಷಧಿಯನ್ನು ಸೂಚಿಸಬಾರದು, ಬದಲಿಸಲು ಹೇಳಬಾರದು. ನಾಟಿ ಔಷಧಿ, ಹರಕೆ, ಪಥ್ಯಗಳ ಬಗ್ಗೆ ಮನೆಯವರ ನಂಬಿಕೆಯನ್ನು ಹೀಯಾಳಿಸುವುದರಿಂದ ಉಪಯೋಗವಿಲ್ಲ. ಆಸ್ಪತ್ರೆಯ ಚಿಕಿತ್ಸೆಯನ್ನು ನಿಲ್ಲಿಸಬೇಡಿ, ಬೇರೆ ಏನು ಕೊಡುತ್ತಿದ್ದೀರೆಂದು ವೈದ್ಯರಿಗೆ ತಿಳಿಸಿ ಎಂದು ಹೇಳುವುದು ಸರಿಯಾದ ಮಾರ್ಗ. ಹೊಲ ಮಾರಿಸಿ ಗುಣಪಡಿಸುತ್ತೇವೆಂದು ಭರವಸೆ ಕೊಡುವವರ ಬಗ್ಗೆ ಮಾತ್ರ ಸ್ಪಷ್ಟವಾಗಿ ಎಚ್ಚರಿಸಬೇಕು.

ಈಡೇರಿಸಲಾಗದ ನೆರವಿನ ಭರವಸೆಯನ್ನು ಸದಸ್ಯರು ನೀಡಬಾರದು. ತಿಂಗಳಿಗೊಮ್ಮೆ ಮನೆಗೆ ಹೋಗಿ ಕೇಳಿಕೊಂಡು ಬರುವುದು ಸಣ್ಣ ಕೆಲಸವಾದರೂ, ತಪ್ಪದೆ ನಡೆದರೆ ಅದರ ಬೆಲೆ ದೊಡ್ಡದು. ರೋಗಿಯು ತೀರಿಕೊಂಡ ಮೇಲೂ ಒಂದೆರಡು ಸಲ ಆ ಮನೆಗೆ ಹೋಗಬೇಕು. ಮರಣ ಪ್ರಮಾಣಪತ್ರ, ವಿಧವಾ ವೇತನ, ಖಾತೆ ಬದಲಾವಣೆಯ ಕಾಗದಪತ್ರಗಳ ಕೆಲಸ ಆರಂಭವಾಗುವುದು ಆಗಲೇ.

8. ಚರ್ಚೆಗೆ ಪ್ರಶ್ನೆಗಳು

1. ಮೂರನೆಯ ಭಾಗದ ಕಲ್ಪಿತ ಮನೆಯು ತಮ್ಮ ವಾರ್ಡಿನಲ್ಲಿದ್ದರೆ, ಬಿಡುಗಡೆಯಾಗಿ ಬಂದ ಮೊದಲ ವಾರದಲ್ಲಿ ಯಾರು ಯಾರು ಆ ಮನೆಗೆ ಹೋಗಬೇಕು? ಪ್ರತಿಯೊಬ್ಬರೂ ಯಾವ ಒಂದು ವಿಷಯವನ್ನು ಹೇಳಿಕೊಡಬೇಕು?

2. ರಾತ್ರಿ ಹನ್ನೊಂದು ಗಂಟೆಗೆ ಜ್ವರ ಬಂದ ರೋಗಿಯನ್ನು ತಮ್ಮ ಊರಿನಿಂದ ಆಸ್ಪತ್ರೆಗೆ ಒಯ್ಯಲು 108 ತಡವಾದರೆ ಬೇರೆ ಯಾವ ವಾಹನವಿದೆ? ಅದರ ಚಾಲಕರ ಸಂಖ್ಯೆ ಯಾರ ಬಳಿಯಿದೆ?

3. ಪಂಚಾಯತಿ ವ್ಯಾಪ್ತಿಯಲ್ಲಿ ಹಾಸಿಗೆ ಹಿಡಿದ ರೋಗಿಗಳ ಮನೆಗಳು ಎಷ್ಟು? ಆ ಮಾಹಿತಿಯನ್ನು ಗೋಪ್ಯವಾಗಿ ಇಟ್ಟುಕೊಳ್ಳಬೇಕಾದವರು ಯಾರು?

4. ಎರವಲು ಸಾಮಗ್ರಿಗಳಿಗೆ ಈ ವರ್ಷದ ಆಯವ್ಯಯದಲ್ಲಿ ಎಷ್ಟು ಅವಕಾಶ ಕಲ್ಪಿಸಬಹುದು?

9. ಸಾಮಾನ್ಯ ಸಭೆಗೆ ಮಾದರಿ ಠರಾವು

“ಪಂಚಾಯತಿ ವ್ಯಾಪ್ತಿಯಲ್ಲಿ ಮನೆಯಲ್ಲಿ ಆರೈಕೆ ಪಡೆಯುತ್ತಿರುವ ಕ್ಯಾನ್ಸರ್ ಹಾಗೂ ಇತರ ದೀರ್ಘಕಾಲದ ರೋಗಿಗಳ ಆರೈಕೆದಾರರಿಗೆ ಮೂರು ತಿಂಗಳಿಗೊಮ್ಮೆ ತಿಳಿವಳಿಕೆ ಪಾಠವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಸಹಯೋಗದಲ್ಲಿ ಏರ್ಪಡಿಸಲು, ಜ್ವರ ಮತ್ತಿತರ ಅಪಾಯದ ಲಕ್ಷಣಗಳ ಕನ್ನಡ ಹಾಳೆಯನ್ನು ಮುದ್ರಿಸಿ ಆಶಾ ಕಾರ್ಯಕರ್ತೆಯರ ಮೂಲಕ ತಲುಪಿಸಲು, ಎರವಲು ಸಾಮಗ್ರಿಗಳ ಪಟ್ಟಿ ಮತ್ತು ಅಂದಾಜು ವೆಚ್ಚವನ್ನು ಮುಂದಿನ ಸಭೆಗೆ ಮಂಡಿಸಲು, ಹಾಗೂ ರೋಗಿಗಳ ವಿವರಗಳ ಗೋಪ್ಯತೆಯನ್ನು ಕಾಪಾಡಲು ಸಭೆಯು ಸರ್ವಾನುಮತದಿಂದ ಠರಾಯಿಸಿತು.”

ಠರಾವು ಅಂಗೀಕಾರವಾದ ದಿನವೇ ಮೊದಲ ಪಾಠದ ದಿನಾಂಕವನ್ನೂ ಹೊಣೆಗಾರರ ಹೆಸರನ್ನೂ ನಡಾವಳಿಯಲ್ಲಿ ನಮೂದಿಸುವುದು ಸೂಕ್ತ. ಮೊದಲ ಪಾಠಕ್ಕೆ ನಾಲ್ಕೇ ಜನ ಬಂದರೂ ಅದನ್ನು ನಡೆಸಬೇಕು. ಆ ನಾಲ್ವರ ಮನೆಗಳಲ್ಲಿ ರಾತ್ರಿ ಜ್ವರ ಬಂದರೆ ಬೆಳಗಿನವರೆಗೆ ಕಾಯುವವರು ಇರುವುದಿಲ್ಲ.